ಸಸಿಗೆ ದಿನಾ ನೀರು ಹಾಕಬೇಡಿ

ನಮ್ಮದು ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಕಡೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೆ ಅದೇ ಹಬ್ಬ. ಮೂರೆಕರೆ ಕೆಂಪು ಮಣ್ಣು, ಅದರಲ್ಲಿ ಶೇಂಗಾ. ಬೋರ್‌ವೆಲ್‌ನಲ್ಲಿ ಒಂದಿಂಚಿಗೂ ಕಮ್ಮಿ ನೀರು. ಇಂಥ ಕಡೆ ಬೇವು, ಹೊಂಗೆ, ಹುಣಸೆ ಬೆಳೆಸೋದು ಹೇಗೆ ಅಂತ ಹೇಳುವ ಮೊದಲು, ನಾನು ಸಾಯಿಸಿದ ಸಸಿಗಳ ಕಥೆ ಹೇಳಿಬಿಡುತ್ತೇನೆ.

ಮೊದಲ ಸಲ ಬದುವಿನ ಉದ್ದಕ್ಕೂ 40 ಸಸಿ ನೆಟ್ಟೆ. ದಿನಾ ಸಂಜೆ ಒಂದೊಂದಕ್ಕೂ ಎರಡು ಚೊಂಬು ನೀರು. ಒಂದು ದಿನವೂ ತಪ್ಪಿಸಲಿಲ್ಲ. ಫೆಬ್ರವರಿವರೆಗೂ ಹಸಿರಾಗೇ ಇದ್ದವು, ನೋಡಿದವರೆಲ್ಲ ಹೊಗಳಿದರು. ಮಾರ್ಚ್‌ನಲ್ಲಿ ತಂಗಿ ಮಗಳ ಮದುವೆ ಅಂತ ಎಂಟು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ 29 ಸಸಿ ಒಣಗಿದ್ದವು. ಒಂದನ್ನು ಹಿಡಿದು ಎಳೆದೆ. ಅಲ್ಲಾಡೋ ಹಲ್ಲು ಕಿತ್ತ ಹಾಗೆ ಸಲೀಸಾಗಿ ಬಂತು. ಬೇರು ಇನ್ನೂ ಪ್ಯಾಕೆಟ್ಟಿನ ಆಕಾರದಲ್ಲೇ ಸುತ್ತಿಕೊಂಡು ಕೂತಿತ್ತು. ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ ಕೂದಲಿನಂಥ ಬೇರು, ಅದರ ಕೆಳಗೆ ಏನೂ ಇಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಬಂದು ನೋಡಿ, "ಅಲ್ಲವ್ವಾ, ದಿನಾ ಬಾಯಿಗೇ ತುತ್ತಿಟ್ಟರೆ ಅದ್ಯಾಕೆ ಎದ್ದು ದುಡೀತದೆ?" ಅಂದರು.

ಅಲ್ಲಿಂದ ನಾನು ನೀರು ಹಾಕುವ ರೀತಿಯನ್ನೇ ಬದಲಾಯಿಸಿದೆ.

ಗುಂಡಿ ಕೆಲಸ ಬೇಸಿಗೆಯಲ್ಲೇ ಆಗಬೇಕು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹಾಕಿ, ಗುಂಡಿಯನ್ನು ಹಾಗೇ ಬಿಸಿಲಿಗೆ ಬಿಡಿ. ತುಂಬುವಾಗ ಮೇಲಿನ ಮಣ್ಣಿಗೆ ಎರಡು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಕೆರೆ ಗೋಡು, ಅಂದರೆ ಹೂಳು, ಸೇರಿಸುತ್ತೇನೆ. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರು ಅಂತ ಹಿರಿಯರು ಹೇಳುವ ಕೆರೆಗಳು ನಮ್ಮ ಕಡೆ ಇವೆ, ಗೋಡಿಗೆ ಬರವಿಲ್ಲ. ಗೆದ್ದಲು ಜಾಸ್ತಿ ಇದ್ದರೆ ಎರಡು ಹಿಡಿ ಬೇವಿನ ಹಿಂಡಿ. ಹಸಿ ಗೊಬ್ಬರ ಮಾತ್ರ ಹಾಕಬೇಡಿ, ಗೆದ್ದಲಿಗೆ ನೀವೇ ಊಟಕ್ಕೆ ಕರೆದ ಹಾಗಾಗುತ್ತದೆ.

ಇನ್ನು ನೆಡುವ ದಿನ. ಪರಿಸರ ದಿನ ಅಂತ ಜೂನ್ 5ಕ್ಕೆ ಎಲ್ಲರೂ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಅದು ಸರಿ. ನಮ್ಮ ಸೀಮೆಯಲ್ಲಿ ಜೂನ್, ಜುಲೈ ಅಂದರೆ ಮಳೆಗಿಂತ ಗಾಳಿ ಜಾಸ್ತಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿದ್ದಾರಾ? ಬೇರು ಇನ್ನೂ ಹಿಡಿಯದ ಸಸಿಯ ಎಲೆಯಿಂದ ಆ ಗಾಳಿ ನೀರನ್ನೆಲ್ಲ ಹೀರಿಬಿಡುತ್ತದೆ. ನಮಗೆ ನೆಚ್ಚಿಕೊಳ್ಳುವಂಥ ಮಳೆ ಅಂದರೆ ಉತ್ತರೆ, ಹಸ್ತ. ಅದಕ್ಕೇ ನಾನು ಸೆಪ್ಟೆಂಬರ್‌ನಲ್ಲಿ, ಒಂದು ಹದ ಮಳೆ ಬಿದ್ದು ಗುಂಡಿಯ ಮಣ್ಣು ಪೂರ್ತಿ ನೆನೆದ ಮೇಲೆ ನೆಡುತ್ತೇನೆ.

ಸಸಿ ಆರಿಸುವಾಗ ಎತ್ತರ ನೋಡಿ ಮೋಸಹೋಗಬೇಡಿ. ಐದಡಿಯ ತೆಳ್ಳಗಿನ ಸಸಿಗಿಂತ ಎರಡಡಿಯ ಗಟ್ಟಿ ಕಾಂಡದ್ದು ವಾಸಿ. ಅರಣ್ಯ ಇಲಾಖೆ ನರ್ಸರಿಯಲ್ಲಿ ರೈತರಿಗೆ ಕಡಿಮೆ ಬೆಲೆಗೆ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಬದುಕಿದ್ದಕ್ಕೆ ಮಾತ್ರ, ನೆನಪಿರಲಿ.

ಪ್ಯಾಕೆಟ್ ಪಕ್ಕದಿಂದ ಸೀಳಿ ತೆಗೆಯಿರಿ. ತಳದಲ್ಲಿ ಬೇರು ಸಿಂಬೆ ಸುತ್ತಿದ್ದರೆ ಅಷ್ಟನ್ನು ಬ್ಲೇಡಿನಿಂದ ಕತ್ತರಿಸಿ. ಕೈ ನಡುಗುತ್ತದೆ, ಆದರೂ ಕತ್ತರಿಸಿ. ಆ ಸಿಂಬೆ ಹಾಗೇ ಉಳಿದರೆ ಬೇರು ಕೆಳಗೆ ಇಳಿಯದೆ ಅಲ್ಲೇ ಸುತ್ತುತ್ತದೆ. ಪ್ಯಾಕೆಟ್‌ನಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ನೆಲವೂ ಅಲ್ಲಿಗೇ ಬರಬೇಕು, ಕಾಂಡ ಹೂಳಬಾರದು. ಕಾಲಿನಿಂದ ಮೆಲ್ಲಗೆ ತುಳಿದು ಗಾಳಿ ಹೊರಗೆ ಹಾಕಿ. ಸುತ್ತ ಎರಡಡಿ ಅಗಲದ ಪಾತಿ ಕಟ್ಟಿ. ಇಳಿಜಾರಿದ್ದರೆ ಕೆಳಗಿನ ಕಡೆ ಅರ್ಧಚಂದ್ರದ ಬದು ಹಾಕಿ, ಹರಿಯುವ ಮಳೆನೀರು ಅಲ್ಲೇ ನಿಲ್ಲುತ್ತದೆ. ಪಾತಿಯೊಳಗೆ ಒಂದು ಗೇಣು ದಪ್ಪ ಶೇಂಗಾ ಸಿಪ್ಪೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿರುವಷ್ಟು ದಿನ ನಮಗೆ ಅದಕ್ಕೆ ಕೊರತೆ ಇಲ್ಲ. ಕಾಂಡಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ಹಾಕಿ, ತಾಗಿದರೆ ತೊಗಟೆ ಕೊಳೆಯುತ್ತದೆ.

ಈಗ ನೀರಿನ ವಿಷಯ. ಮಳೆ ನಿಂತು ಎಂಟು ದಿನವಾದರೆ ಒಂದು ಸಸಿಗೆ 20 ಲೀಟರ್. ಒಂದೇ ಸಲ ಸುರಿಯಬೇಡಿ. ಹತ್ತು ಲೀಟರ್ ಹಾಕಿ, ಸಾಲಿನ ಕೊನೆವರೆಗೆ ಹೋಗಿ ಬಂದು, ಮತ್ತೆ ಹತ್ತು. ನವೆಂಬರ್‌ನಿಂದ ಜನವರಿವರೆಗೆ ಹತ್ತು ದಿನಕ್ಕೊಮ್ಮೆ ಸಾಕು. ಫೆಬ್ರವರಿಯಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ. 40 ಸಸಿಗೆ ವಾರಕ್ಕೆ 800 ಲೀಟರ್ ಆಯಿತು. ದಿನಾ ಚೊಂಬು ಹೊತ್ತಿದ್ದಕ್ಕೆ ಹೋಲಿಸಿದರೆ ಮೈಗೂ ಎಷ್ಟೋ ಹಗುರ.

ನೀರು ಎಷ್ಟು ಆಳ ಇಳಿಯಿತು ಅಂತ ನೋಡಲು ನನ್ನ ಹತ್ತಿರ ಹಳೇ ಕೊಡೆಯ ನಡುಗೋಲು ಇದೆ. ನೀರು ಹಾಕಿದ ಮರುದಿನ ಬೆಳಿಗ್ಗೆ ಪಾತಿಯ ಅಂಚಿನಲ್ಲಿ ಚುಚ್ಚುತ್ತೇನೆ. ನೆಂದಷ್ಟು ದೂರ ಬೆಣ್ಣೆಗೆ ಚಾಕು ಹಾಕಿದಂತೆ ಇಳಿಯುತ್ತದೆ, ಒಣ ಮಣ್ಣು ಸಿಕ್ಕಲ್ಲಿ ಟಕ್ ಅಂತ ನಿಲ್ಲುತ್ತದೆ. ಒಂದಡಿ ಇಳಿಯುವ ಮೊದಲೇ ನಿಂತರೆ ಮುಂದಿನ ಸಲ ನೀರು ಹೆಚ್ಚಿಸಿ, ದಿನದ ಅಂತರ ಕಡಿಮೆ ಮಾಡಬೇಡಿ. ಡ್ರಿಪ್ ಇದ್ದವರಿಗೂ ಇದೇ ಮಾತು. ದಿನಾ ಅರ್ಧ ಗಂಟೆ ಬಿಡುವ ಬದಲು ವಾರಕ್ಕೊಮ್ಮೆ ಬಹಳ ಹೊತ್ತು ಬಿಡಿ.

ಸಸಿ ಮಧ್ಯಾಹ್ನ ಬಾಡಿದರೆ ಗಾಬರಿ ಬೇಡ, ಬಿಸಿಲಿಗೆ ನಾವೂ ಬಾಡುತ್ತೇವೆ. ಬೆಳಿಗ್ಗೆ ಆರಕ್ಕೂ ಎಲೆ ಜೋತು ಬಿದ್ದಿದ್ದರೆ ಅದು ನಿಜವಾದ ಬಾಯಾರಿಕೆ. ಹಾಗೇ ಹೊಂಗೆ ದೊಡ್ಡದಾದ ಮೇಲೆ ಯುಗಾದಿಗೆ ಮುಂಚೆ ಎಲೆ ಉದುರಿಸಿಕೊಳ್ಳುತ್ತದೆ. ಸತ್ತೇ ಹೋಯಿತು ಅಂತ ಕೊಡಗಟ್ಟಲೆ ನೀರು ಹೊಯ್ಯುವವರಿದ್ದಾರೆ. ಸ್ವಲ್ಪ ದಿನ ಸುಮ್ನಿದ್ದರೆ ತಾನೇ ಎಳೆ ಹಸಿರು ಹೊದ್ದು ನಿಲ್ಲುತ್ತದೆ.

ಎರೆ ಮಣ್ಣಿದ್ದವರು ನೀರಿನ ನಡುವೆ ಇನ್ನೂ ಜಾಸ್ತಿ ದಿನ ಬಿಡಬೇಕು. ಅಲ್ಲಿ ನೀರು ನಿಂತರೆ ಬೇವಿನ ಬೇರು ಕೊಳೆಯುತ್ತದೆ. ಹೊಂಗೆ ಅಷ್ಟು ನಾಜೂಕಲ್ಲ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟರೆ ಪುಡಿ ಮಣ್ಣು ತುಂಬಿ ಮುಚ್ಚಿ, ಇಲ್ಲದಿದ್ದರೆ ಬೇರು ಕಡಿದುಹೋಗುತ್ತದೆ.

ಎರಡನೇ ಬೇಸಿಗೆಗೆ ಪಾತಿಯನ್ನು ನಾಲ್ಕಡಿಗೆ ಅಗಲ ಮಾಡಿ. ಬೇರಿನ ತುದಿ ಹೊರಗೆ ಸರಿದಿರುತ್ತದೆ, ಕಾಂಡದ ಬುಡಕ್ಕೆ ಹಾಕಿದ ನೀರು ಅದಕ್ಕೆ ಸಿಗುವುದಿಲ್ಲ. 15-20 ದಿನಕ್ಕೊಮ್ಮೆ 60 ಲೀಟರ್. ಮೂರನೇ ಬೇಸಿಗೆಗೆ ತಿಂಗಳಿಗೊಮ್ಮೆ 100. ನಾಲ್ಕನೇ ವರ್ಷ ನಾನು ಪೈಪನ್ನೇ ಸುತ್ತಿಟ್ಟೆ. ನಮ್ಮ ಮನೆಯವರು ಮೇ ತಿಂಗಳಲ್ಲಿ ಕದ್ದು ಎರಡು ಹುಣಸೆಗೆ ನೀರು ಬಿಟ್ಟಿದ್ದರಂತೆ, ಆಮೇಲೆ ಗೊತ್ತಾಯಿತು. ಉಳಿದ ಹುಣಸೆಗಳಿಗೂ ಅವಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

ಒಂದು ಮರೆತಿದ್ದೆ, ಬೇಲಿ. ನೆಟ್ಟ ದಿನವೇ ಬಳ್ಳಾರಿ ಜಾಲಿಯ ಮುಳ್ಳು ಸುತ್ತ ಒತ್ತಬೇಕು, ನಾಳೆ ಅಂದರೆ ಮೇಕೆ ಇವತ್ತೇ ಬರುತ್ತದೆ. ಹೊಂಗೆಗೆ ಅದು ಬಾಯಿ ಹಾಕುವುದು ಕಮ್ಮಿ, ಬೇವು ಹುಣಸೆಯ ಚಿಗುರು ಬಿಡುವುದಿಲ್ಲ. ಸಸಿ ನಮ್ಮ ತಲೆ ದಾಟಿದ ಮೇಲೆ ಮುಳ್ಳು ತೆಗೆದು ಮುಂದಿನ ಗುಂಡಿಗೆ ಒಯ್ಯಬಹುದು. ಕೈಗೆ ಗೋಣಿಚೀಲ ಸುತ್ತಿಕೊಳ್ಳಿ.