ಹಳೆ ಫೋನ್ ಕೊಡುವ ಮುಂಚೆ ಜಿಮೇಲ್ ಪಾಸ್‌ವರ್ಡ್ ಹುಡುಕಿ

ಹಾಸನದ ಬಿ.ಎಂ. ರಸ್ತೆ ಪಕ್ಕದ ಸಣ್ಣ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಡಿಸ್‌ಪ್ಲೇ ಒಡೆದದ್ದು, ನೀರಿಗೆ ಬಿದ್ದದ್ದು, ಚಾರ್ಜ್ ಹಿಡಿಯದ್ದು ಬಂದರೆ ಏನಾದರೂ ದಾರಿ ಇರುತ್ತದೆ. ಫೋನ್ ಚೆನ್ನಾಗಿದ್ದು, ರೀಸೆಟ್ ಆಗಿ (ಒಳಗಿದ್ದದ್ದೆಲ್ಲ ಅಳಿಸಿ ಹೊಸದರಂತೆ ಆಗಿ), ಪಾಸ್‌ವರ್ಡ್ ಮಾತ್ರ ಯಾರಿಗೂ ಗೊತ್ತಿಲ್ಲ ಅಂದರೆ ನನ್ನ ಕೈಲೂ ಏನೂ ಆಗುವುದಿಲ್ಲ.

ಹೋದ ಮಳೆಗಾಲದಲ್ಲಿ ಆಲೂರು ಕಡೆಯ ಒಬ್ಬರು ಅಜ್ಜಿ ಬಂದಿದ್ದರು. ಮೊಮ್ಮಗ ಹೊಸ ಫೋನ್ ಕೊಡಿಸಿದ್ದ. ಹಳೆಯದನ್ನು ಯಾರಿಗಾದರೂ ಕೊಡೋಣ ಅಂತ ರೀಸೆಟ್ ಮಾಡಿದ್ದ. ಈಗ ಅದು ಹಳೆ ಜಿಮೇಲ್ ಕೇಳುತ್ತಿತ್ತು. "ಅದೆಲ್ಲ ಗೊತ್ತಿಲ್ಲ ಕಣಪ್ಪ, ತಗೊಂಡಾಗ ಅಂಗಡಿ ಹುಡುಗ ಹಾಕ್ಕೊಟ್ಟಿದ್ದ" ಎಂದರು. ತೀರಿಹೋದ ಯಜಮಾನರ ಫೋಟೊ ಇದ್ದದ್ದು ಆ ಜಿಮೇಲ್‌ನಲ್ಲೇ. ಸಂಜೆವರೆಗೂ ನೋಡಿದೆ, ಆಗಲಿಲ್ಲ. ಅಜ್ಜಿ ಫೋನನ್ನು ಸೆರಗಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದರು. ರೀಸೆಟ್ ಮಾಡುವ ಮುಂಚೆ ಅರ್ಧ ಗಂಟೆ ಕೂತಿದ್ದರೆ ಸಾಕಿತ್ತು. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

1. ಜಿಮೇಲ್ ನಿಮ್ಮ ಕೈಲಿದೆಯಾ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ನಮ್ಮ ಕಡೆ ಎಷ್ಟೋ ಜನರ ಜಿಮೇಲ್ ಮಾಡಿಕೊಟ್ಟವರು ಫೋನ್ ಮಾರಿದ ಅಂಗಡಿಯವರು. ಪಾಸ್‌ವರ್ಡ್ ಅವರೇ ಹಾಕಿರುತ್ತಾರೆ. ರಿಕವರಿ ನಂಬರ್, ಅಂದರೆ ಪಾಸ್‌ವರ್ಡ್ ಮರೆತಾಗ ಗೂಗಲ್ ಕೋಡ್ ಕಳಿಸುವ ನಂಬರ್, ಅನ್ನುವ ಜಾಗದಲ್ಲಿ ಅಂಗಡಿಯ ನಂಬರೋ, ನೀವು ಯಾವತ್ತೋ ಬಿಟ್ಟ ಸಿಮ್ಮಿನ ನಂಬರೋ ಇರುತ್ತದೆ. ಫೋನ್ ನಡೆಯುತ್ತಿರುವಷ್ಟು ದಿನ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಫೋನ್ ಮತ್ತೆ ಪಾಸ್‌ವರ್ಡ್ ಕೇಳುವುದೇ ಅಪರೂಪ.

ಹಳೆ ಫೋನ್ ಇನ್ನೂ ನಡೆಯುತ್ತಿರುವಾಗಲೇ ಸೆಟ್ಟಿಂಗ್ಸ್ ತೆಗೆದು, 'ಗೂಗಲ್' ಒತ್ತಿ, ನಿಮ್ಮ ಅಕೌಂಟಿನೊಳಗೆ ಹೋಗಿ. ಮೇಲೆ ಕಾಣುವ ಜಿಮೇಲ್ ವಿಳಾಸವನ್ನು ಅಕ್ಷರ ಬಿಡದೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡು ಮೂರು ಜಿಮೇಲ್ ಇದ್ದರೆ ಅಷ್ಟನ್ನೂ ಬರೆಯಿರಿ. ಒಂದರಲ್ಲಿ ಫೋಟೊ, ಇನ್ನೊಂದರಲ್ಲಿ ಫೋನ್ ನಂಬರ್‌ಗಳು ಇರುವುದು ಮಾಮೂಲು.

ಆಮೇಲೆ 'ಸೆಕ್ಯುರಿಟಿ' ಭಾಗದಲ್ಲಿ 'ಪಾಸ್‌ವರ್ಡ್' ಒತ್ತಿ. ಹಳೆ ಪಾಸ್‌ವರ್ಡ್ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಗಾಬರಿ ಬೇಡ, 'ಫರ್ಗಾಟ್ ಪಾಸ್‌ವರ್ಡ್' ಒತ್ತಿ. ಬಹಳ ಸಲ ಅದೇ ಫೋನಿನ ಪಿನ್ ಅಥವಾ ಬೆರಳಚ್ಚು ಕೇಳಿ ಹೊಸ ಪಾಸ್‌ವರ್ಡ್ ಹಾಕಲು ಬಿಡುತ್ತದೆ. ನೀವು ದಿನಾ ಬಳಸುವ ಫೋನು, ದಿನಾ ಇರುವ ಜಾಗ ಆದರೆ ಗೂಗಲ್ ಜಾಸ್ತಿ ನಂಬುತ್ತದೆ. ಫೋನ್ ರೀಸೆಟ್ ಆದಮೇಲೆ ಈ ನಂಬಿಕೆ ಹೋಯಿತು. ಅಜ್ಜಿಯ ಫೋನಿಗೆ ಆದದ್ದು ಅದೇ.

ಹೊಸ ಪಾಸ್‌ವರ್ಡ್ ಆದಮೇಲೆ ಅದೇ ಭಾಗದಲ್ಲಿ ರಿಕವರಿ ನಂಬರ್ ನೋಡಿ. ನಿಮ್ಮದಲ್ಲದ ನಂಬರ್ ಇದ್ದರೆ ತೆಗೆದುಹಾಕಿ ನಿಮ್ಮದನ್ನು ಕೊಡಿ. ನಂಬರ್ ಬದಲಿಸಿದ ಮೇಲೂ 7 ದಿನ ಗೂಗಲ್ ಹಳೆ ನಂಬರಿಗೆ ಕೋಡ್ ಕಳಿಸುವ ಸಾಧ್ಯತೆ ಇದೆ. ಪಾಸ್‌ವರ್ಡ್ ಬದಲಿಸಿದರೆ ರೀಸೆಟ್ ಮಾಡುವ ಮುಂಚೆ 24 ಗಂಟೆ ಕಾಯಿರಿ ಅಂತಲೂ ಗೂಗಲ್ಲೇ ಹೇಳುತ್ತದೆ. ಅದಕ್ಕೇ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಹೊಸ ಫೋನ್ ತಂದ ದಿನವೇ ಹಳೆಯದನ್ನು ಕೊಡಬೇಡಿ, ಒಂದು ವಾರ ಮನೆಯಲ್ಲಿ ಇಟ್ಟುಕೊಳ್ಳಿ. ಎಕ್ಸ್‌ಚೇಂಜ್ ಆಫರ್ ಇವತ್ತೇ ಮುಗಿಯುತ್ತದೆ ಅಂತ ಯಾರಾದರೂ ಅವಸರ ಮಾಡಿದರೆ ಆ ಆಫರ್ ಹೋಗಲಿ ಬಿಡಿ.

ಮಲೆನಾಡಿನವರಿಗೆ ಇನ್ನೊಂದು ಕಷ್ಟ ಇದೆ. ಸಕಲೇಶಪುರದ ಎಷ್ಟೋ ತೋಟದ ಮನೆಗಳಲ್ಲಿ ವೈಫೈ ಇರುತ್ತದೆ, ಸಿಗ್ನಲ್ ಇರುವುದಿಲ್ಲ. ಒಟಿಪಿ ಮೆಸೇಜ್ ಬರಬೇಕಾದರೆ ಗೇಟಿನ ತನಕ ನಡೆಯಬೇಕು. ವಾಪಸ್ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ನಾಲ್ಕೈದು ಸಲ ಹೀಗಾದರೆ ಗೂಗಲ್ ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತದೆ. ಈ ಕೆಲಸಕ್ಕೆ ಸಿಗ್ನಲ್ ಚೆನ್ನಾಗಿರುವ ಕಡೆ ಬಂದು ಕೂರಿ. 'ಟೂ ಸ್ಟೆಪ್ ವೆರಿಫಿಕೇಶನ್' (ಪಾಸ್‌ವರ್ಡ್ ಜೊತೆ ಒಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಹಾಕಿಕೊಂಡವರು ಅಲ್ಲೇ ಸಿಗುವ, ಒಟಿಪಿ ಬದಲು ಹಾಕಬಹುದಾದ 'ಬ್ಯಾಕಪ್ ಕೋಡ್ಸ್' ಬರೆದಿಟ್ಟುಕೊಳ್ಳಿ. 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದು ಕೋಡ್ ಒಂದೇ ಸಲಕ್ಕೆ. ಸಿಗ್ನಲ್ ಇಲ್ಲದ ಊರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಪಾಸ್‌ವರ್ಡ್ ಎಲ್ಲಿ ಬರೆಯಬೇಕು? ಪುಸ್ತಕದಲ್ಲಿ. ಬರೆಯಲೇಬಾರದು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅರವತ್ತು ದಾಟಿದವರಿಗೆ ಬರೆಯಬೇಡಿ ಅಂದರೆ ಅವರು ಮೊಮ್ಮಕ್ಕಳ ಹೆಸರು ಹಾಕಿ ಮುಂದೆ 123 ಸೇರಿಸುತ್ತಾರೆ. ಬೀರುವಿನಲ್ಲಿ ಜಮೀನಿನ ಪತ್ರದ ಜೊತೆ ಒಂದು ನೋಟ್‌ಬುಕ್ ಇಡಿ. ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಬೇಡಿ. ಫೋನಿನ ಹಿಂದಿನ ಕವರ್ ಒಳಗಂತೂ ಚೀಟಿ ಇಡಲೇಬೇಡಿ, ಅಂಥ ಚೀಟಿಗಳನ್ನು ನಾನು ಎಷ್ಟೋ ಸಲ ತೆಗೆದು ಕೈಗೆ ಕೊಟ್ಟಿದ್ದೇನೆ.

2. ಫೋಟೊ, ನಂಬರ್, ವಾಟ್ಸ್‌ಆ್ಯಪ್

ಕಾಂಟ್ಯಾಕ್ಟ್ಸ್ ಸೆಟ್ಟಿಂಗ್ಸ್‌ನಲ್ಲಿ ನಂಬರ್‌ಗಳು 'ಡಿವೈಸ್' ಅಥವಾ 'ಸಿಮ್' ಅಂತ ಇದ್ದರೆ ಗೂಗಲ್ ಅಕೌಂಟಿಗೆ ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ 'ಚಾಟ್ ಬ್ಯಾಕಪ್' ಒತ್ತಿ ಮುಗಿಯುವ ತನಕ ಕಾಯಿರಿ. 2024ರಿಂದ ಈ ಬ್ಯಾಕಪ್ ಕೂಡ ಗೂಗಲ್ ಕೊಡುವ 15 ಜಿಬಿ ಲೆಕ್ಕಕ್ಕೇ ಸೇರುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ನಿಂತೇ ಇರುತ್ತದೆ, ಕೊನೆಯ ತಾರೀಕು ನೋಡಿಕೊಳ್ಳಿ. ಎರಡೂ ಫೋನ್ ಪಕ್ಕಪಕ್ಕದಲ್ಲಿದ್ದರೆ 'ಟ್ರಾನ್ಸ್‌ಫರ್ ಚಾಟ್ಸ್'ನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ನೇರವಾಗಿಯೂ ಸಾಗಿಸಬಹುದು.

ಫೋಟೊಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೂ ಒಂದು ಕಾಪಿ ಮಾಡಿ. 1 ಟಿಬಿ ಪೆನ್‌ಡ್ರೈವ್ ಮುನ್ನೂರು ರೂಪಾಯಿಗೆ ಸಿಗುತ್ತದೆ ಅಂತ ತರಬೇಡಿ. ಅದರೊಳಗೆ ನಿಜವಾಗಿ ಇರುವ ಜಾಗ ತೀರಾ ಕಮ್ಮಿ, ಲೆಕ್ಕ ಮಾತ್ರ ಸುಳ್ಳು ತೋರಿಸುತ್ತದೆ. ಕಾಪಿ ಆದ ಹಾಗೆ ಕಾಣುತ್ತದೆ, ತೆರೆದರೆ ಫೋಟೊ ಇರುವುದಿಲ್ಲ. ಹೆಸರಿರುವ ಕಂಪನಿಯ 64 ಜಿಬಿ ಸಾಕು.

ಇಲ್ಲೇ ಇನ್ನೊಂದು ಅನಾಹುತ ಆಗುತ್ತದೆ. ಹೊಸ ಫೋನಿಗೆ ಎಲ್ಲ ಬಂತು ಅಂತ ಸಮಾಧಾನವಾಗಿ, ಹಳೆ ಫೋನಿನಲ್ಲಿ ಕೂತು ಒಂದೊಂದೇ ಫೋಟೊ ಡಿಲೀಟ್ ಮಾಡುತ್ತಾರೆ. ಎರಡೂ ಫೋನಿನಲ್ಲಿ ಒಂದೇ ಜಿಮೇಲ್ ಅಲ್ವಾ? ಗೂಗಲ್ ಫೋಟೋಸ್‌ನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅರಸೀಕೆರೆಯ ಒಬ್ಬ ಅಣ್ಣ ಹೀಗೆ ಮಗಳ ಮದುವೆ ಫೋಟೊ ಪೂರ್ತಿ ಅಳಿಸಿಕೊಂಡು ಬಂದಿದ್ದರು. ಬ್ಯಾಕಪ್ ಆದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತದೆ, ಅವರು ಮೂರನೇ ದಿನಕ್ಕೇ ಬಂದಿದ್ದರಿಂದ ಎಲ್ಲ ವಾಪಸ್ ಸಿಕ್ಕಿತು. ಹಳೆ ಫೋನಿನಲ್ಲಿ ಏನನ್ನೂ ಒಂದೊಂದಾಗಿ ಅಳಿಸಬೇಡಿ. ನಂಬರ್‌ಗಳನ್ನೂ ಅಷ್ಟೇ.

3. ಬ್ಯಾಂಕ್ ಮತ್ತು ಯುಪಿಐ

ಸಿಮ್ಮನ್ನು ಹೊಸ ಫೋನಿಗೆ ಹಾಕಿ ಫೋನ್‌ಪೇ, ಗೂಗಲ್ ಪೇ, ಬ್ಯಾಂಕ್ ಆ್ಯಪ್ ಎಲ್ಲ ಅಲ್ಲಿ ಶುರು ಮಾಡಿ. ಹತ್ತು ರೂಪಾಯಿ ಯಾರಿಗಾದರೂ ಕಳಿಸಿ ನೋಡಿ. ಹೋಯಿತಾ? ಆಮೇಲೆ ಹಳೆ ಫೋನಿನಲ್ಲಿ ಲಾಗ್‌ಔಟ್ ಮಾಡಿ. ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಆಧಾರ್, ಪಹಣಿ ಪಿಡಿಎಫ್‌ಗಳನ್ನು ತೆಗೆದಿಟ್ಟುಕೊಳ್ಳಿ, ಅವು ಯಾವ ಬ್ಯಾಕಪ್‌ನಲ್ಲೂ ಇರುವುದಿಲ್ಲ ಅಂದುಕೊಂಡೇ ಕೆಲಸ ಮಾಡಿ.

4. ಅಕೌಂಟ್ ತೆಗೆಯಿರಿ, ಆಮೇಲೆ ರೀಸೆಟ್

ಈ ಎರಡು ಕೆಲಸ ಇದೇ ಕ್ರಮದಲ್ಲಿ ಆಗಬೇಕು. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಒಂದು ಬೀಗ ಇದೆ. ಕದ್ದವನು ರೀಸೆಟ್ ಮಾಡಿದರೂ ಹಳೆ ಜಿಮೇಲ್ ಇಲ್ಲದೆ ಫೋನ್ ಬಳಸಲು ಆಗಬಾರದು ಅಂತ ಇಟ್ಟದ್ದು. ಒಳ್ಳೆಯ ಬೀಗವೇ. ಆದರೆ ಮನೆಯವರೇ ಕೀ ಕಳೆದುಕೊಂಡರೆ ಮನೆಯವರೂ ಹೊರಗೇ ನಿಲ್ಲಬೇಕು. ಸೆಟ್ಟಿಂಗ್ಸ್‌ನ 'ಅಕೌಂಟ್ಸ್'ಗೆ ಹೋಗಿ ಪ್ರತಿ ಜಿಮೇಲನ್ನೂ 'ರಿಮೂವ್' ಮಾಡಿ. ಆಮೇಲೆ ಸೆಟ್ಟಿಂಗ್ಸ್ ಮೂಲಕವೇ 'ಫ್ಯಾಕ್ಟರಿ ರೀಸೆಟ್' ಕೊಡಿ. ಪವರ್ ಬಟನ್, ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಮಾಡುವ ಶಾರ್ಟ್‌ಕಟ್ ವಿಡಿಯೊಗಳನ್ನು ನೋಡಿ ಮಾಡಬೇಡಿ, ಬೀಗ ಬೀಳುವುದು ಆ ದಾರಿಯಲ್ಲೇ. ಐಫೋನ್ ಆದರೆ 'ಸೈನ್ ಔಟ್' ಮಾಡಿ 'ಫೈಂಡ್ ಮೈ' ಆಫ್ ಆಗಿದೆಯಾ ನೋಡಿ, ಅಷ್ಟೇ.

ಡೇಟಾ ಪೂರ್ತಿ ಅಳಿಸುತ್ತೇವೆ ಅನ್ನುವ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ಈಗಿನ ಫೋನುಗಳಲ್ಲಿ ಒಳಗಿರುವುದೆಲ್ಲ ಗುಪ್ತಲಿಪಿಯಲ್ಲೇ ಇರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಓದುವ ಕೀ ಅಳಿದುಹೋಗುತ್ತದೆ, ಉಳಿದದ್ದು ಯಾರಿಗೂ ಅರ್ಥವಾಗುವುದಿಲ್ಲ. ಮೆಮೊರಿ ಕಾರ್ಡಿಗೆ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಅದನ್ನು ತೆಗೆದು ನೀವೇ ಇಟ್ಟುಕೊಳ್ಳಿ.

ಟಚ್ ಕೆಟ್ಟಿದ್ದರೆ? ಡಿಸ್‌ಪ್ಲೇ ಕಾಣುತ್ತಿದ್ದರೆ ಚಾರ್ಜ್ ಮಾಡುವ ಜಾಗಕ್ಕೆ ಒಂದು ಒಟಿಜಿ ಅಡಾಪ್ಟರ್ (ಫೋನಿಗೆ ಮೌಸ್, ಪೆನ್‌ಡ್ರೈವ್ ಜೋಡಿಸುವ ಸಣ್ಣ ಕೊಂಡಿ) ಹಾಕಿ ಕಂಪ್ಯೂಟರ್ ಮೌಸ್ ಜೋಡಿಸಿ. ಬಾಣದ ಗುರುತು ಬರುತ್ತದೆ, ಎಲ್ಲ ಕೆಲಸ ಮೌಸಿನಲ್ಲೇ ಆಗುತ್ತದೆ. ಡಿಸ್‌ಪ್ಲೇಯೇ ಹೋಗಿದ್ದರೆ ಆ ಫೋನನ್ನು ಕೊಡಬೇಡಿ. 'ಹಾಳಾದ ಮೊಬೈಲ್ ಕೊಡಿ, ಪ್ಲಾಸ್ಟಿಕ್ ಟಬ್ ತಗೊಳ್ಳಿ' ಅಂತ ಬೈಕಿನಲ್ಲಿ ಮೈಕ್ ಕಟ್ಟಿಕೊಂಡು ಬರುವವರಿಗಂತೂ ಕೊಡಲೇಬೇಡಿ. 2024ರಲ್ಲಿ ತೆಲಂಗಾಣದ ರಾಮಗುಂಡಂ ಪೊಲೀಸರು ಇಂಥದ್ದೇ ವ್ಯಾಪಾರದವರ ಹತ್ತಿರ ನಾಲ್ಕು ಸಾವಿರ ಹಳೆ ಮೊಬೈಲ್ ಹಿಡಿದರು, ಅವು ಸೈಬರ್ ವಂಚಕರ ಕೈಗೆ ಹೋಗುವುದಿತ್ತು. ಬರುವ ಎಲ್ಲರೂ ಅಂಥವರಲ್ಲ. ಆದರೆ ನೂರು ರೂಪಾಯಿ ಟಬ್ಬಿಗೆ ನಿಮ್ಮ ಫೋನ್ ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದೇ ಇಲ್ಲ.

5. ಕೊಡುವಾಗ

ರೀಸೆಟ್‌ಗೂ ಮುಂಚೆಯೇ *#06# ಒತ್ತಿ ಬರುವ ಐಎಂಇಐ ನಂಬರ್ (ಫೋನಿನದೇ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡಿರಿ. ಮಾರುತ್ತಿದ್ದರೆ ತಾರೀಕು, ಐಎಂಇಐ, ತಗೊಂಡವರ ಹೆಸರು ಬರೆದು ಅವರ ಸಹಿ ಹಾಕಿಸಿಕೊಳ್ಳಿ. ನಾಳೆ ಆ ಫೋನಿನಿಂದ ಏನಾದರೂ ತಪ್ಪು ನಡೆದರೆ ಪೊಲೀಸರಿಗೆ ತೋರಿಸಲು ನಿಮ್ಮ ಹತ್ತಿರ ಒಂದು ಕಾಗದ ಇರುತ್ತದೆ. ರೀಸೆಟ್ ಆಗಿ ಭಾಷೆ ಆರಿಸುವ ಸ್ವಾಗತದ ಪುಟ ಬಂದ ಮೇಲೆ ವೈಫೈ ಹಾಕಿ ಎರಡು ಪುಟ ಮುಂದೆ ಹೋಗಿ ನೋಡಿ. ಹಳೆ ಜಿಮೇಲ್ ಕೇಳದಿದ್ದರೆ ಸ್ವಿಚ್ ಆಫ್ ಮಾಡಿ ಕೊಡಿ.

ಮನೆಗೆ ಬಂದು ಹೊಸ ಫೋನಿನಲ್ಲಿ ಗೂಗಲ್ ಅಕೌಂಟಿನ 'ಯುವರ್ ಡಿವೈಸಸ್' ತೆರೆಯಿರಿ. ಹಳೆ ಫೋನಿನ ಹೆಸರು ಇನ್ನೂ ಅಲ್ಲಿದ್ದರೆ 'ಸೈನ್ ಔಟ್' ಒತ್ತಿ. ನಿಮಗೆ ಗುರುತೇ ಸಿಗದ ಇನ್ನೊಂದು ಫೋನ್ ಅಲ್ಲಿ ಕಂಡರೆ ಅದನ್ನೂ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಇನ್ನೊಂದು ಸಲ ಬದಲಿಸಿ, ನೋಟ್‌ಬುಕ್‌ನಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯಿರಿ.