ಆರು ವಾರದ ಡ್ರಾಪ್ಸ್

ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಊರಿನ ಸೇವಾ ಕ್ಲಬ್ಬಿಗೆ ಸೇರಿ ಹನ್ನೆರಡು ವರ್ಷ ಆಯಿತು. ಕ್ಲಬ್ಬಿನ ಹೆಸರು ಬೇಡ ಬಿಡಿ, ಮುಂದೆ ನಮ್ಮದೇ ಎಡವಟ್ಟುಗಳನ್ನು ಹೇಳಬೇಕಿದೆ. ವರ್ಷಕ್ಕೊಂದು ಕಣ್ಣಿನ ಕ್ಯಾಂಪ್ ಮಾಡುತ್ತೇವೆ. ಅದರ ಓಡಾಟವೆಲ್ಲ ನನ್ನ ತಲೆಗೆ.

ನಾನು ವಹಿಸಿಕೊಂಡ ಮೊದಲ ಕ್ಯಾಂಪ್ ಇಟ್ಟಿದ್ದು ಡಿಸೆಂಬರ್ ಮೊದಲ ವಾರ. ಶಾಮಿಯಾನ, ಬ್ಯಾನರ್, ನೂರೈವತ್ತು ಜನಕ್ಕೆ ಚಿತ್ರಾನ್ನ. ಬಂದವರು ಮೂವತ್ತೋ ಮೂವತ್ತೆರಡೋ. ರಾಗಿ ಕೊಯ್ಲಿನ ಹೊತ್ತಿನಲ್ಲಿ ಯಾರು ಬರುತ್ತಾರೆ? ಮುದುಕರಿಗೆ ಬಿಡುವಿದ್ದರೂ ಕರೆತರುವ ಮಗನಿಗೋ ಸೊಸೆಗೋ ಬಿಡುವಿರಬೇಕಲ್ಲ. ಹಳ್ಳಿಯಲ್ಲೇ ಹುಟ್ಟಿ ಬೆಳೆದವನಿಗೆ ಇಷ್ಟೂ ಹೊಳೆಯಲಿಲ್ಲ ನೋಡಿ. ಮಿಕ್ಕ ಚಿತ್ರಾನ್ನ ಹಾಸ್ಟೆಲ್ ಹುಡುಗರ ಪಾಲಾಯಿತು. ಈಗ ಸಂಕ್ರಾಂತಿ ಕಳೆದ ಮೇಲೆಯೇ ನಮ್ಮ ಕ್ಯಾಂಪ್.

ಕರಪತ್ರ ಹಂಚುವುದನ್ನೂ ಬಿಟ್ಟೆವು. ಕಣ್ಣು ಕಾಣದವರ ಕೈಗೆ ಕರಪತ್ರ ಕೊಟ್ಟು ಏನು ಬಂತು? ಯಾವ ಮನೆಯಲ್ಲಿ ಯಾರಿಗೆ ಕಣ್ಣು ಮಂಜು ಅನ್ನುವುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಅವರು ಹೇಳಿದ ಮನೆಗೆ ಹೋಗಿ, ಜಗಲಿ ಮೇಲೆ ಕೂತು ಮಾತಾಡುತ್ತೇನೆ. ಇಲ್ಲವಾದರೆ ಬೆಳಿಗ್ಗೆ ಹಾಲಿನ ಡೇರಿ ಮುಂದೆ ನಿಂತರಾಯಿತು, ಅರ್ಧ ಊರು ಅಲ್ಲೇ ಸಿಗುತ್ತದೆ.

ಎಲ್ಲರ ಬಾಯಲ್ಲೂ ಒಂದೇ ಮಾತು. "ಪೊರೆ ಇನ್ನೂ ಹಣ್ಣಾಗಿಲ್ಲ ಕಣಪ್ಪ." ಹಳೇ ಕಾಲದ ಮಾತು ಇದು, ಆಗ ಸುಳ್ಳೂ ಆಗಿರಲಿಲ್ಲ. ವಯಸ್ಸಾದವರು ಈಗಲೂ ಡಾ. ಎಂ.ಸಿ. ಮೋದಿಯವರ ಕ್ಯಾಂಪುಗಳನ್ನು ನೆನೆಯುತ್ತಾರೆ. ಊರೂರಿಗೆ ಹೋಗಿ, ಒಂದೇ ದಿನದಲ್ಲಿ ನೂರಾರು ಜನಕ್ಕೆ ಆಪರೇಷನ್ ಮಾಡುತ್ತಿದ್ದ ಡಾಕ್ಟರು ಅವರು. 1968ರಲ್ಲಿ ಪದ್ಮಭೂಷಣ ಬಂತು. ಆ ಕಾಲದಲ್ಲಿ ಪೊರೆ ಚೆನ್ನಾಗಿ ಬಲಿತ ಮೇಲೆ ತೆಗೆಯುತ್ತಿದ್ದರು. ಒಳಗೆ ಲೆನ್ಸ್ ಇಡುತ್ತಿರಲಿಲ್ಲ, ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. ಈಗ ಒಳಗೇ ಲೆನ್ಸ್ ಕೂರಿಸುತ್ತಾರೆ, ಕಾಯುವ ಅಗತ್ಯ ಇಲ್ಲ. ಕಾಯ್ದಷ್ಟೂ ಪೊರೆ ಗಟ್ಟಿಯಾಗುತ್ತದೆ. ಕೆಲವರಿಗೆ ಕಣ್ಣಿನೊಳಗೆ ಒತ್ತಡ ಏರಿ ನರವೇ ಹೋಗಿಬಿಡುತ್ತದೆ. ಆಮೇಲೆ ಪೊರೆ ತೆಗೆದರೂ ಹೋದ ದೃಷ್ಟಿ ಬರಲ್ಲ. "ಇದು ಹಲಸಿನಕಾಯಿ ಅಲ್ಲ ಅಜ್ಜಿ, ಹಣ್ಣಾಗಲಿ ಅಂತ ಕಾಯೋದಕ್ಕೆ" ಅನ್ನುತ್ತೇನೆ. ನಗುತ್ತಾರೆ. ನಕ್ಕವರಲ್ಲಿ ಅರ್ಧ ಜನ ಬರುತ್ತಾರೆ.

ಇನ್ನು ಉದ್ಘಾಟನೆಯ ಕಥೆ. 1925ರಲ್ಲಿ ಅಮೆರಿಕದಲ್ಲಿ ನಡೆದ ಲಯನ್ಸ್ ಸೇವಾ ಕ್ಲಬ್ಬುಗಳ ಸಮಾವೇಶಕ್ಕೆ ಹೋಗಿ, ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲರ್ ಅವರು, ಕುರುಡರ ಪಾಲಿನ ಯೋಧರಾಗಿ ಅಂತ ಕೇಳಿಕೊಂಡಿದ್ದರು. ಕಣ್ಣಿನ ಕ್ಯಾಂಪಿನ ವೇದಿಕೆಯಲ್ಲಿ ಯಾರಾದರೊಬ್ಬರು ಇಲ್ಲಿಂದಲೇ ಶುರು ಮಾಡುತ್ತಾರೆ. ಒಳ್ಳೆಯ ವಿಷಯವೇ. ಆದರೆ ಅದನ್ನು ಹೇಳುವ ಅತಿಥಿ ಬರುವುದು ಹನ್ನೊಂದೂವರೆಗೆ. ಒಂದು ವರ್ಷ ಸಕ್ಕರೆ ಕಾಯಿಲೆಯ ತಾತ ಒಬ್ಬರು ಬೆಳಗಿನಿಂದ ಏನೂ ತಿನ್ನದೆ ಕಾಯ್ದು, ಬೆವೆತು, ಕುರ್ಚಿಯಿಂದ ಜಾರಿದರು. ನರ್ಸ್ ಓಡಿ ಬಂದು ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ವೇದಿಕೆ ಮೇಲಿದ್ದ ನಮ್ಮ ಕೊರಳಲ್ಲೆಲ್ಲ ಹಾರ. ಆವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಈಗ ಎಂಟಕ್ಕೆ ಮೊದಲು ಉಪ್ಪಿಟ್ಟು, ಎಂಟಕ್ಕೆ ತಪಾಸಣೆ. ಶಾಲು, ಹಾರ, ಫೋಟೊ ಎಲ್ಲ ಸಂಜೆ ಆಸ್ಪತ್ರೆಯ ಬಸ್ ಹೊರಟ ಮೇಲೆ. ಅತಿಥಿಗಳು ಈಗ ಸ್ವಲ್ಪ ಕಡಿಮೆ ಬರುತ್ತಾರೆ, ತೊಂದರೆ ಇಲ್ಲ.

ಕ್ಯಾಂಪಿನಲ್ಲಿ ನಡೆಯುವುದು ಬರೀ ತಪಾಸಣೆ. ಟಾರ್ಚ್ ಹಾಕಿ ನೋಡುತ್ತಾರೆ, ಬಿಪಿ, ಶುಗರ್ ಪರೀಕ್ಷೆ ಆಗುತ್ತದೆ. ಯಾವ ಕಣ್ಣಿಗೆ ಆಪರೇಷನ್ನೋ ಆ ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸುತ್ತಾರೆ. ಶುಗರ್ ಜಾಸ್ತಿ ಇದ್ದವರು ವಾಪಸ್. ಆಪರೇಷನ್ ಏನಿದ್ದರೂ ಆಸ್ಪತ್ರೆಯಲ್ಲೇ.

ಪಟ್ಟಿ ಬಿಚ್ಚುವ ಬೆಳಿಗ್ಗೆ ನಾನು ತಪ್ಪದೆ ಹೋಗುತ್ತೇನೆ. ಒಂದು ಸಲ ಒಬ್ಬರು ತಾತ ಕಣ್ಣು ಪಿಳಿಪಿಳಿ ಮಾಡಿ, ಡಾಕ್ಟರನ್ನೂ ನೋಡದೆ, ನನ್ನನ್ನೂ ನೋಡದೆ, ಮಂಚದ ಕೆಳಗೆ ನೋಡಿದರು. "ಯಾರಲೇ ನನ್ನ ಚಪ್ಪಲಿ ಬದಲಾಯಿಸಿದ್ದು?" ಒಂದು ಕಂದು, ಒಂದು ಕಪ್ಪು. ಮಗ ಮೆಲ್ಲಗೆ ಅಂದ, "ಎರಡು ವರ್ಷದಿಂದ ಅದನ್ನೇ ಹಾಕ್ತಿದ್ದೀಯ ಕಣಪ್ಪ." ವಾರ್ಡಿಗೆ ವಾರ್ಡೇ ನಕ್ಕಿತು. ತಾತ ಮಾತ್ರ ಮಗನನ್ನು ಬೈಯುವುದು ನಿಲ್ಲಿಸಲಿಲ್ಲ.

ಇಲ್ಲಿಗೆ ಕೆಲಸ ಮುಗಿಯಿತು ಅಂತ ನಾವು ಅಂದುಕೊಂಡಿದ್ದೆವು. ಎರಡನೇ ವರ್ಷ ಒಬ್ಬರು ಅಜ್ಜಿ ಹತ್ತೇ ದಿನಕ್ಕೆ ಡ್ರಾಪ್ಸ್ ನಿಲ್ಲಿಸಿದರು. ಬಾಟ್ಲಿ ಖಾಲಿಯಾಯಿತು, ಕಣ್ಣೂ ಕಾಣುತ್ತಿತ್ತು, ಇನ್ಯಾಕೆ ಔಷಧಿ ಅಂತ. ಕಣ್ಣು ಕೆಂಪಾಯಿತು, ನೋವು ಶುರುವಾಯಿತು. ಮಗ ಕರೆದುಕೊಂಡು ಬರುವಷ್ಟರಲ್ಲಿ ತಡವಾಗಿತ್ತು. ಆ ಕಣ್ಣಿನಲ್ಲಿ ಈಗ ಅರ್ಧಂಬರ್ಧ ಕಾಣುತ್ತದೆ. ನಮ್ಮ ವರದಿಯಲ್ಲಿ ಮಾತ್ರ ಅಜ್ಜಿ 'ಯಶಸ್ವಿ ಶಸ್ತ್ರಚಿಕಿತ್ಸೆ' ಪಟ್ಟಿಯಲ್ಲೇ ಇದ್ದರು. ಬಸ್ಸಿನಿಂದ ಇಳಿಸಿದ ದಿನವೇ ನಾವು ವರದಿ ಕಳಿಸಿ ಆಗಿತ್ತು.

ಆಮೇಲೆ ನಾನೊಂದು ನೋಟ್‌ಬುಕ್ ಇಟ್ಟೆ. ನಮ್ಮ ಆಸ್ಪತ್ರೆಯವರು ಹೇಳುವ ಲೆಕ್ಕ ಇಷ್ಟು: ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರಕ್ಕೊಂದು ಕಡಿಮೆ, ಒಟ್ಟು ಆರು ವಾರ. ಗಡಿಯಾರದ ಲೆಕ್ಕ ಹೇಳಿದರೆ ನಮ್ಮವರಿಗೆ ಆಗಲ್ಲ. ಅದಕ್ಕೇ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂದು, ತಿಂಡಿ ಆದ ಮೇಲೆ, ಊಟ ಆದ ಮೇಲೆ, ಸಂಜೆ ಡೇರಿ ಆದ ಮೇಲೆ, ದೀಪ ಹಚ್ಚಿದಾಗ, ಮಲಗುವಾಗ. ಎರಡನೇ ಬಾಟ್ಲಿಯನ್ನು ಮೊದಲೇ ಕೊಟ್ಟುಬಿಡುತ್ತೇವೆ. ಹಾಕುವ ಕೆಲಸ ಮನೆಯ ದೊಡ್ಡವರದು. ಮರೆಯದೆ ಹಾಕಿಸುವ ಜವಾಬ್ದಾರಿ ಮಾತ್ರ ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಓದುವ ಮೊಮ್ಮಗುವಿಗೆ. ಆ ಮಗುವಿನ ಕೈಗೆ ಟಿಕ್ ಹಾಕುವ ಹಾಳೆ. ಇವರು ನರ್ಸುಗಳಿಗಿಂತ ಸ್ಟ್ರಿಕ್ಟು. "ಕೈ ತೊಳ್ಕೊಂಡ್ಯಾ? ಬಾಟ್ಲಿ ಮೂತಿ ಕಣ್ಣಿಗೆ ತಾಗಿಸ್ಬೇಡ" ಅಂತ ಅಪ್ಪನಿಗೇ ಗದರಿದ ಹುಡುಗಿಯನ್ನು ನಾನೇ ಕಂಡಿದ್ದೇನೆ. ಅಜ್ಜಿ ಒಲೆ ಹತ್ತಿರ ಹೋದರೆ ಹೊಗೆ ತಾಗುತ್ತೆ ಅಂತ ಅವಳೇ ಅಡ್ಡ ನಿಲ್ಲುತ್ತಿದ್ದಳು.

ಶುಗರ್ ಜಾಸ್ತಿ ಅಂತ ವಾಪಸ್ ಹೋದವರಿಗೆ ನೋಟ್‌ಬುಕ್ಕಿನ ಹಿಂದಿನ ಪುಟಗಳು. ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿ, ಮಾತ್ರೆ ಶುರು ಮಾಡಿಸಿ, ಮುಂದಿನ ತಂಡದ ಜೊತೆ ಬಸ್ ಹತ್ತಿಸಬೇಕು. ಈ ಪುಟಗಳಲ್ಲಿ ಇನ್ನೂ ಸುಮಾರು ಹೆಸರು ಹಾಗೇ ಉಳಿದಿವೆ.

ಆ ಅಜ್ಜಿಯ ಇನ್ನೊಂದು ಕಣ್ಣಿಗೂ ಈಗ ಪೊರೆ. ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಅವರ ಮನೆಗೆ ಹೋಗುತ್ತೇನೆ. ಎಳ್ಳುಬೆಲ್ಲ ತೆಗೆದುಕೊಳ್ಳುತ್ತಾರೆ, ಕಾಫಿ ಕೊಡುತ್ತಾರೆ, "ಈ ವರ್ಷ ಬೇಡ ಬಿಡಪ್ಪ" ಅನ್ನುತ್ತಾರೆ. ಹೋದ ಸಲ ಮಾತ್ರ, "ಡ್ರಾಪ್ಸು ಮರೆತರೆ ಯಾರು ಜ್ಞಾಪಿಸ್ತಾರೆ?" ಅಂತ ಕೇಳಿದರು. ನಾನು ಮೊಮ್ಮಗಳ ಕಡೆ ಕೈ ತೋರಿಸಿದೆ. ಮೂರನೇ ಕ್ಲಾಸು.

"ನಾಲ್ಕಕ್ಕೆ ಹೋಗಲಿ ತಡಿ" ಅಂದರು ಅಜ್ಜಿ.