ಗಾಡಿಯೊಳಗೆ ಬಂದ ಫೋನು ಎಲ್ಲರ ಫೋನು

ನನ್ನದು ಬೀಜ, ಗೊಬ್ಬರದ ವಿತರಣೆ ಕೆಲಸ. ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ವಾರದಲ್ಲಿ ನಾಲ್ಕು ದಿನ ಮನೆಗಿಂತ ಜಾಸ್ತಿ ಗಾಡಿಯಲ್ಲೇ ಇರುತ್ತೇನೆ. ಒಂದು ದಿನ ಅಣ್ಣಿಗೇರಿ, ಗದಗ. ಇನ್ನೊಂದು ದಿನ ಲಕ್ಷ್ಮೇಶ್ವರ. ಮತ್ತೊಂದು ದಿನ ಶಿಗ್ಗಾಂವಿ, ಬ್ಯಾಡಗಿ. ಮುಂಗಾರು ಹಿಡಿಯಿತೆಂದರೆ ಹೆಸರು, ಶೇಂಗಾ, ಗೋವಿನಜೋಳ ಅಂತ ಅಂಗಡಿಯವರ ಫೋನು ಒಂದರ ಬೆನ್ನಿಗೆ ಒಂದು. ಮೊದಲಿನ ಗಾಡಿಯಲ್ಲಿ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಗಿಸಿಕೊಂಡು ಓಡಿಸುತ್ತಿದ್ದೆ. ಅದು ತಪ್ಪು ಅಂತ ಗೊತ್ತಿತ್ತು. ಆದರೂ ಮಾಡುತ್ತಿದ್ದೆ.

ಮೂರು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಕಂಪನಿಯಿಂದಲೇ ಬಂದ ಪರದೆ, ಸ್ಟೇರಿಂಗ್ ಮೇಲೆ ಬಟನ್ನು, ಹ್ಯಾಂಡ್ಸ್‌ಫ್ರೀ ಎಲ್ಲ ಇತ್ತು. ಮಾರಿದವರು ಕೀಲಿ ಕೊಟ್ಟರು, ಪುಸ್ತಕ ಕೊಡಲಿಲ್ಲ. ಹೀಗಾಗಿ ಕಲಿತದ್ದೆಲ್ಲ ನನ್ನ ಅಂಗಳದಲ್ಲಿ, ನಿಂತ ಗಾಡಿಯಲ್ಲಿ, ಎಡವಿ ಎಡವಿ.

ಮೊದಲ ದಿನ ನನ್ನ ಫೋನು ಜೋಡಣೆಯೇ ಆಗಲಿಲ್ಲ. ಬ್ಲೂಟೂತ್ ಹಚ್ಚಿ ಹುಡುಕಿದರೆ ಕಾರಿನ ಹೆಸರು ಕಾಣಿಸುತ್ತದೆ, ಒತ್ತಿದರೆ ಆಗಲ್ಲ ಅನ್ನುತ್ತದೆ. ಅರ್ಧ ತಾಸು ಗುದ್ದಾಡಿದೆ. ಆಮೇಲೆ ಪರದೆಯ ಸೆಟ್ಟಿಂಗ್‌ನಲ್ಲಿ ಫೋನುಗಳ ಪಟ್ಟಿ ತೆಗೆದು ನೋಡಿದರೆ ಹಳೆಯ ಮಾಲೀಕರ ಮನೆಮಂದಿಯದೆಲ್ಲ ಅಲ್ಲೇ ಕೂತಿತ್ತು. ನನ್ನ ಗಾಡಿ ಐದು ಫೋನು ಮಾತ್ರ ನೆನಪಿಡುತ್ತದೆ. ಐದೂ ಭರ್ತಿ. ಅಷ್ಟೇ ಅಲ್ಲ, ಅವರ ಫೋನ್‌ಬುಕ್ಕೂ ಅದರಲ್ಲಿತ್ತು: ಹಾಲಿನವನಿಂದ ಹಿಡಿದು ಬೀಗರವರೆಗೆ. ಎಲ್ಲ ಅಳಿಸಿ, ಫ್ಯಾಕ್ಟರಿ ರೀಸೆಟ್ ಕೊಟ್ಟೆ. ನಿಮ್ಮ ಗಾಡಿ ಮಾರುವಾಗ ಇದನ್ನು ಮೊದಲು ಮಾಡಿ. ಆರ್‌ಸಿ ಪೇಪರು ಎಲ್ಲರಿಗೂ ನೆನಪಿರುತ್ತದೆ, ಇದು ಯಾರಿಗೂ ನೆನಪಿರುವುದಿಲ್ಲ.

ನನ್ನ ಫೋನು ಜೋಡಿಸಿದೆ, ಹೆಂಡತಿಯದೂ ಜೋಡಿಸಿದೆ. ಅಲ್ಲಿ ಇನ್ನೊಂದು ಫಜೀತಿ ಶುರುವಾಯಿತು. ಬ್ಲೂಟೂತ್ ಹತ್ತು ಮೀಟರ್ ಸುತ್ತಲೂ ಹಿಡಿಯುತ್ತದೆ. ನಮ್ಮ ಅಡುಗೆಮನೆಗೂ ಗೇಟಿಗೂ ಅಷ್ಟು ದೂರವಿಲ್ಲ. ಬೆಳಿಗ್ಗೆ ಗಾಡಿ ಚಾಲೂ ಮಾಡಿದೆ, ಒಳಗೆ ಆಕೆ ತವರುಮನೆಗೆ ಮಾತಾಡುತ್ತಿದ್ದಳು, ಅತ್ತೆಯವರ ದನಿ ನನ್ನ ನಾಲ್ಕೂ ಸ್ಪೀಕರಿನಲ್ಲಿ. ಒಳಗೆ ಆಕೆ "ಅವ್ವಾ, ಹಲೋ, ಹಲೋ" ಅನ್ನುತ್ತಿದ್ದಾಳೆ, ಹೊರಗೆ ನನಗೆ ಅತ್ತೆ "ಅಳಿಯಂದ್ರದು ಮೊಳಕಾಲ ನೋವು ಹೆಂಗೈತಿ?" ಅಂತ ಕೇಳುತ್ತಿದ್ದಾರೆ. ನಾನೇ ಉತ್ತರ ಕೊಟ್ಟೆ, ಅವರು ಬೆಚ್ಚಿಬಿದ್ದರು. ಆಮೇಲೆ ನನ್ನ ಫೋನಿಗೆ ಮೊದಲ ಆದ್ಯತೆ ಕೊಟ್ಟೆ. ಆಕೆಯ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಮುಂದೆ ಕರೆ, ಹಾಡು ಅಂತ ಬೇರೆ ಬೇರೆ ಗುಂಡಿ ಇವೆ. ಅದರಲ್ಲಿ ಕರೆಯದನ್ನು ಆಫ್ ಮಾಡಿದೆ. ಹಾಡು ಬೇಕಾದರೆ ಆಕೆ ಹಾಕಬಹುದು, ಮಾತು ಮಾತ್ರ ಆಕೆಯ ಕೈಯಲ್ಲೇ ಉಳಿಯುತ್ತದೆ.

ಕರೆ ಬಂದರೆ ಸ್ಟೇರಿಂಗ್ ಮೇಲಿನ ಹಸಿರು ಗುಂಡಿ ಒತ್ತಿದರಾಯಿತು, ಅದೇನು ದೊಡ್ಡ ವಿದ್ಯೆಯಲ್ಲ. ತೊಂದರೆ ಇದ್ದದ್ದು ಆ ಕಡೆಯವರಿಗೆ. ನನಗೆ ಅವರ ಮಾತು ಸ್ಪಷ್ಟ ಕೇಳುತ್ತಿತ್ತು. ಅವರು ಮಾತ್ರ "ಏನ್ರೀ, ಗಿರಣ್ಯಾಗ ನಿಂತು ಮಾತಾಡಾಕತ್ತೀರೇನು?" ಅನ್ನುತ್ತಿದ್ದರು. ಒಬ್ಬರಂತೂ "ಬಾವ್ಯಾಗಿಂದ ದನಿ ಬಂದಂಗ ಬರಾಕತ್ತೈತ್ರಿ" ಅಂದರು. ನಾನು ಇನ್ನಷ್ಟು ಜೋರಾಗಿ ಕೂಗುತ್ತಿದ್ದೆ. ಕೂಗಿದಷ್ಟೂ ಕೆಟ್ಟು ಹೋಗುತ್ತಿತ್ತು.

ಒಂದು ರವಿವಾರ ಮಗಳನ್ನು ಫೋನು ಕೊಟ್ಟು ಮನೆಯೊಳಗೆ ಕೂರಿಸಿದೆ. ನಾನು ಗಾಡಿಯಲ್ಲಿ ಕೂತು ಆಕೆಗೆ ಫೋನು ಮಾಡಿ ಒಂದೊಂದೇ ಬದಲಿಸುತ್ತ ಹೋದೆ. ಮೈಕು ಇರುವುದು ಮೇಲೆ, ಒಳಗಿನ ದೀಪದ ಪಕ್ಕ, ಸಣ್ಣ ಜಾಲರಿಯ ಹಿಂದೆ. ಎಸಿಯ ನಡುವಿನ ಎರಡು ಗಾಳಿಕಿಂಡಿಗಳನ್ನು ನಾನು ಯಾವಾಗಲೂ ಮೇಲಕ್ಕೆ ತಿರುಗಿಸಿಟ್ಟಿರುತ್ತಿದ್ದೆ, ಮುಖಕ್ಕೆ ತಂಪು ಹೊಡೆಯಬಾರದು ಅಂತ. ಆ ಗಾಳಿ ನೇರ ಹೋಗಿ ಮೈಕಿಗೆ ಬಡಿಯುತ್ತಿತ್ತು. ಗಿರಣಿ ಅಂದರೆ ಅದೇ! ಕಿಂಡಿ ಎದೆಯ ಮಟ್ಟಕ್ಕೆ ಇಳಿಸಿದೆ, ಬ್ಲೋವರ್ ನಾಲ್ಕರಿಂದ ಎರಡಕ್ಕೆ ತಂದೆ. "ಪಪ್ಪಾ, ಈಗ ಬಾಜೂಕ ಕುಂತು ಮಾತಾಡಿದಂಗ ಕೇಳಾಕತ್ತೈತಿ" ಅಂದಳು. ಒಂದು ಕಿಟಕಿ ನಾಲ್ಕು ಬೆರಳು ಇಳಿಸಿ ನೋಡಿದೆ. ನಿಂತ ಗಾಡಿಯಲ್ಲಿ ಏನೂ ಆಗಲಿಲ್ಲ, ಮರುದಿನ ಗದಗ ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಮತ್ತೆ ಗಿರಣಿ.

ಬಾವಿಯ ದನಿಗೆ ಕಾರಣ ಬೇರೆ. ಆ ಕಡೆಯವರ ಮಾತು ನನ್ನ ಸ್ಪೀಕರಿನಿಂದ ಜೋರಾಗಿ ಬಂದು, ನನ್ನ ಮೈಕಿಗೆ ಹೊಕ್ಕು, ತಿರುಗಿ ಅವರಿಗೇ ಹೋಗುತ್ತಿತ್ತು. ಕರೆಯ ಸದ್ದು ಇಳಿಸಬೇಕು. ಹಾಡಿನ ಸದ್ದು ಬೇರೆ, ಕರೆಯ ಸದ್ದು ಬೇರೆ. ನನ್ನ ಗಾಡಿಯಲ್ಲಿ ಕರೆ ನಡೆಯುತ್ತಿರುವಾಗ ತಿರುವಿದರೆ ಮಾತ್ರ ಕರೆಯದು ಬದಲಾಗುತ್ತದೆ. ಇದು ಗೊತ್ತಿಲ್ಲದೆ ಎಷ್ಟು ದಿನ ಹಾಡಿನದನ್ನು ಇಳಿಸಿ ಕೂತಿದ್ದೆನೋ!

ಇನ್ನು ಹೆಸರುಗಳು. ನಾನು ಅಂಗಡಿಯವರನ್ನೆಲ್ಲ ಕನ್ನಡದಲ್ಲಿ ಉಳಿಸಿಕೊಂಡಿದ್ದೆ. ಕಾರಿನ ಪರದೆಗೆ ಕನ್ನಡ ಓದಲು ಬರುವುದಿಲ್ಲ. ಸಾಲಾಗಿ ಖಾಲಿ ಚೌಕ. ಯಾವ ಚೌಕ ಅಣ್ಣಿಗೇರಿ, ಯಾವ ಚೌಕ ಮುಂಡರಗಿ? ದಿನಾ ಬೇಕಾಗುವ ಮೂವತ್ತು ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದೆ, ಮೊದಲು ಊರು, ಆಮೇಲೆ ಹೆಸರು. ಪಟ್ಟಿಯಲ್ಲಿ ಗದಗಿನವರೆಲ್ಲ ಒಂದೇ ಕಡೆ ಸಿಗುತ್ತಾರೆ. ಕನ್ನಡ ಬಿಟ್ಟುಕೊಟ್ಟದ್ದಕ್ಕೆ ಬೇಜಾರಿದೆ. ಸುಮ್ನೆ ಸೊಗಸಿಗೆ ಹತ್ತು ಬಣ್ಣದ ವಾಲ್‌ಪೇಪರ್ ಕೊಡುವವರು ಒಂದು ಕನ್ನಡ ಫಾಂಟ್ ಹಾಕಿದ್ದರೆ ಏನಾಗುತ್ತಿತ್ತು, ಅಲ್ವಾ?

ಈಗ ಲಕ್ಷ್ಮೇಶ್ವರದ ಸಾವಕಾರರ ಕಥೆ ಹೇಳಬೇಕು. ನಮ್ಮ ಧಂದೆಯಲ್ಲಿ ಎಲ್ಲ ನಡೆಯುವುದು ಉದ್ರಿಯ ಮೇಲೆ. ಯಾರಿಗೆ ಎಷ್ಟು ದಿನದ ಗಡುವು ಅನ್ನುವುದು ಗುಟ್ಟು. ಸಾವಕಾರರಿಗೆ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸವಿತ್ತು, ನನ್ನ ಗಾಡಿಯಲ್ಲೇ ಬಂದರು. ಶಿಗ್ಲಿ ಕಡೆಯ ಮಳೆ, ಮಗನ ಮದುವೆ ಅಂತ ಮಾತು ನಡೆದಿತ್ತು. ಫೋನು ಬಂತು. ರೂಢಿಯಂತೆ ಹೆಬ್ಬೆರಳು ಹಸಿರು ಗುಂಡಿಗೆ ಹೋಯಿತು. ಗದಗದ ಅಂಗಡಿಯವರು, ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು: "ಸರ, ನನಗ 45 ದಿನಾ ಉದ್ರಿ ಕೊಟ್ಟಿದ್ದು ಯಾರ ಮುಂದೂ ಅನ್ನಬ್ಯಾಡ್ರಿ. ಆ ಲಕ್ಷ್ಮೇಶ್ವರದಾವ್ರಿಗೆ ಗೊತ್ತಾತಂದ್ರ ನಿಮ್ಮ ಜೋಡಿ ಜಗಳಾ ತಗೀತಾರ."

ನಾನು ಕೆಂಪು ಗುಂಡಿ ಒತ್ತಲು ಹೋಗಿ ಸದ್ದು ಏರಿಸುವ ಗುಂಡಿ ಒತ್ತಿದೆ. "ಜಗಳಾ ತಗೀತಾರ" ಅನ್ನುವುದು ಇನ್ನೂ ಜೋರಾಗಿ ಬಂತು.

ಸಾವಕಾರರು ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಮೆಲ್ಲಗೆ ಮುಖ ಒರೆಸಿಕೊಂಡರು. ಎರಡು ಕಿಲೋಮೀಟರ್ ಆದ ಮೇಲೆ, ಕಿಟಕಿಯ ಕಡೆ ನೋಡುತ್ತ, "ನಮಗ 30 ದಿನಾ ಅಂದಿದ್ರಲ್ರಿ?" ಅಂದರು. ಆ ಹಂಗಾಮಿಗೆ ಅವರಿಗೂ 45 ದಿನ ಆಯಿತು.

ಅಂದಿನಿಂದ ಕರೆ ಎತ್ತಿದ ಕೂಡಲೇ ನನ್ನ ಮೊದಲ ಮಾತು "ಗಾಡ್ಯಾಗ ಅದೀನ್ರಿ, ಜೋಡಿ ಮಂದಿ ಅದಾರ." ಅದನ್ನು ಕೇಳಿದರೆ ಧಂದೆಯವರು ತಾವಾಗಿಯೇ ಮಳೆ ಬೆಳೆಯ ಮಾತಿಗೆ ತಿರುಗುತ್ತಾರೆ. ಪರದೆಯ ಮೇಲೆ ಮಾತನ್ನು ಸ್ಪೀಕರಿನಿಂದ ಫೋನಿಗೆ ಕಳಿಸುವ ಗುರುತೂ ಇದೆ. ಆದರೆ ಆಗ ಫೋನು ಕೈಗೆ ತಗೋಬೇಕು, ಅಂದರೆ ಗಾಡಿ ಪಕ್ಕಕ್ಕೆ ಹಾಕಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಓಡಿಸುತ್ತ ಕೈಯಲ್ಲಿ ಫೋನು ಹಿಡಿಯುವುದು ಅಪಾಯಕಾರಿ ಚಾಲನೆಯೇ. ಹ್ಯಾಂಡ್ಸ್‌ಫ್ರೀ ಇದ್ದರೂ ಲೆಕ್ಕ ಹೇಳುವ ಕರೆಗೆ ನಾನೀಗ ನಿಲ್ಲಿಸಿಯೇ ಮಾತಾಡುತ್ತೇನೆ. ಎಷ್ಟು ಚೀಲ, ಎಷ್ಟು ಬಾಕಿ ಅಂತ ತಲೆಯಲ್ಲಿ ಕೂಡಿಸುವಾಗ ಕಣ್ಣು ರಸ್ತೆಯ ಮೇಲಿದ್ದರೂ ಏನೂ ಕಾಣುವುದಿಲ್ಲ. ಒಮ್ಮೆ ಅಣ್ಣಿಗೇರಿಯಲ್ಲಿ ತಿರುಗಬೇಕಾದಲ್ಲಿ ತಿರುಗದೆ ಮುಂದೆ ಹೋದ ಮೇಲೆ ಇದು ತಿಳಿಯಿತು.

ಹಾಡಿನ ವಿಷಯದಲ್ಲಿ ನನ್ನ ಗುರು ಅಪ್ಪ. ಅವರಿಗೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಿಟ್ಟರೆ ನಾಲ್ಕನೆಯವರು ಇಲ್ಲ. 64 ಜಿಬಿಯ ಹೊಸ ಪೆನ್‌ಡ್ರೈವಿಗೆ ಎಲ್ಲ ತುಂಬಿಸಿ ಹಾಕಿದೆ. ಗಾಡಿ ಅದನ್ನು ನೋಡಲೇ ಇಲ್ಲ. ದೊಡ್ಡ ಪೆನ್‌ಡ್ರೈವುಗಳು ಎಕ್ಸ್‌ಫ್ಯಾಟ್ ಅನ್ನುವ ಕ್ರಮದಲ್ಲಿ ಬರುತ್ತವೆ, ನನ್ನ ಗಾಡಿಗೆ ಬೇಕಾದದ್ದು ಫ್ಯಾಟ್32. ಮನೆಯಲ್ಲಿದ್ದ ಹಳೆಯ 16 ಜಿಬಿಯದನ್ನು ಹಾಗೆ ಫಾರ್ಮ್ಯಾಟ್ ಮಾಡಿ ಹಾಕಿದೆ, ನಡೆಯಿತು. ಫೈಲಿನ ಹೆಸರಿನ ಮುಂದೆ 01, 02 ಅಂತ ಸೊನ್ನೆ ಹಚ್ಚಿ ಬರೆಯಬೇಕು, ಇಲ್ಲದಿದ್ದರೆ 1 ಆದ ಮೇಲೆ 10 ಬರುತ್ತದೆ.

ಹಿಂದೆ ಕೂತ ಅಪ್ಪ ಮೊದಲ ದಿನವೇ ತಕರಾರು ತೆಗೆದರು. "ತಂಬೂರಿ ದನೀನ ಕೇಳವಲ್ದಲ್ಲೋ. ಬರೀ ತಬಲಾ ಕೇಳಾಕತ್ತೈತಿ." ಹಳೆಯ ಮಾಲೀಕರು ಬೇಸ್ ಅನ್ನು ತುದಿಗೆ ಏರಿಸಿಟ್ಟಿದ್ದರು. ಡಿಜೆ ಹಾಡಿಗೆ ಅದು ಸರಿ. ನಿಧಾನ ಲಯದ ವಿಲಂಬಿತದಲ್ಲಿ ತಬಲದ ಡಗ್ಗಾ ಮಾತ್ರ ಗುಮ್ಮೆನ್ನುತ್ತದೆ, ಗಂಗೂಬಾಯಿಯವರ ಗಡಸು ದನಿ ಕೊಡದೊಳಗಿಂದ ಬಂದ ಹಾಗಾಗುತ್ತದೆ. ಬೇಸ್ ಅನ್ನು ಸೊನ್ನೆಗಿಂತ ಒಂದು ಕೆಳಗೆ ತಂದೆ, ನಡುದನಿಯನ್ನು ಎರಡು ಏರಿಸಿದೆ, ಲೌಡ್‌ನೆಸ್ ಅನ್ನುವುದನ್ನು ತೆಗೆದೆ. ಮುಂದಿನ, ಹಿಂದಿನ ಸ್ಪೀಕರಿಗೆ ಸದ್ದು ಹಂಚುವ ಫೇಡರ್ ಪೂರ್ತಿ ಮುಂದಕ್ಕಿತ್ತು, ನಡುವಿಗೆ ತಂದೆ. ಆಮೇಲೂ ಸಿಮೆಂಟ್ ರಸ್ತೆ ಹತ್ತಿದೆವೆಂದರೆ ಟಯರಿನ ಸದ್ದಿನಲ್ಲಿ ಆಲಾಪ ಮುಳುಗುತ್ತಿತ್ತು. ವೇಗ ಏರಿದ ಹಾಗೆ ಸದ್ದು ತಾನೇ ಏರುವ ಒಂದು ಸೆಟ್ಟಿಂಗ್ ಇದೆ. ಅದನ್ನು ನಡುವಿನ ಮಟ್ಟಕ್ಕೆ ಇಟ್ಟೆ. ಅಷ್ಟಾದ ಮೇಲೆ ಅಪ್ಪ ಹತ್ತು ನಿಮಿಷ ಸುಮ್ಮನೆ ಕೂತರು. ಕನ್ನಡಿಯಲ್ಲಿ ನೋಡಿದರೆ ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು.

ಅವರಿಗೆ ಇನ್ನೊಂದು ಬೇಕಿತ್ತು: ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಕೇಂದ್ರ, ಮೀಡಿಯಂ ವೇವ್‌ನಲ್ಲಿ ಅದು ಸಿಗುವುದು 765 ಕಿಲೋಹರ್ಟ್ಸ್‌ಗೆ, ಅದಕ್ಕೇ ಅವರು ಅದನ್ನು 765 ಅಂತ ಸಂಖ್ಯೆಯಿಂದಲೇ ಕರೆಯುತ್ತಾರೆ. ನನ್ನ ಗಾಡಿಯ ರೇಡಿಯೋದಲ್ಲಿ ಮೀಡಿಯಂ ವೇವ್ ಇಲ್ಲ, ಎಫ್‌ಎಂ ಮಾತ್ರ. ಈಗ ಫೋನಿನಲ್ಲಿ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿ ಬ್ಲೂಟೂತಿನಿಂದ ಕೇಳಿಸುತ್ತೇನೆ. ನೆಟ್‌ವರ್ಕ್ ಇಲ್ಲದ ಕಡೆ ನಿಂತು ಹೋಗುತ್ತದೆ, ಆಗ ಅಪ್ಪ ನನ್ನನ್ನೇ ಬೈಯುತ್ತಾರೆ.

ವಿಡಿಯೋ ನಾನು ಜಾಸ್ತಿ ಬಳಸುವುದಿಲ್ಲ. ಮಗಳ ಶಾಲೆಯ ಗ್ಯಾದರಿಂಗಿನ ಡ್ಯಾನ್ಸನ್ನು ಅಜ್ಜನಿಗೆ ದೊಡ್ಡ ಪರದೆಯಲ್ಲಿ ತೋರಿಸಬೇಕು ಅಂತ ಆಕೆಗೆ ಆಸೆ. ಉಣಕಲ್ ಕೆರೆಯ ಹತ್ತಿರ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹಾಕಿದೆ. ನೋಡಿ ಮುಗಿಯುವ ಮೊದಲೇ ಹಿಂದಿನವರು ಹಾರ್ನ್ ಹೊಡೆದರು, ಹ್ಯಾಂಡ್‌ಬ್ರೇಕ್ ಇಳಿಸಿದೆ. ಪರದೆ ಕಪ್ಪಾಯಿತು, ಹಾಡು ಮಾತ್ರ ನಡೆದಿತ್ತು. ಆಕ್ಸೆಸರಿ ಅಂಗಡಿಯ ಹುಡುಗ ಒಂದು ವೈರು ಬೇರೆ ಕಡೆ ಹಚ್ಚಿದರೆ ಓಡುವಾಗಲೂ ಬರುತ್ತದೆ ಅಂದ. ಅಪಘಾತಕ್ಕೆ ಹೆಸರಾದ, ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸಿನಲ್ಲಿ ಇಷ್ಟು ವರ್ಷ ಓಡಾಡಿದವನು ನಾನು. ಬೇಡಪ್ಪಾ ಅಂದೆ.

ಕೇಬಲ್ಲಿನ ಬಗ್ಗೆ ಒಂದು ಮಾತು. ಫೋನಿನ ನಕ್ಷೆಯನ್ನು ಕಾರಿನ ಪರದೆಗೆ ತರುವ ಆಂಡ್ರಾಯ್ಡ್ ಆಟೋ ಬರುತ್ತಿಲ್ಲ ಅಂತ ಪರದೆಯನ್ನೇ ಬೈಯುತ್ತಿದ್ದೆ. ರಸ್ತೆ ಬದಿಯಲ್ಲಿ ತಗೊಂಡ ಕೇಬಲ್ಲಿನಲ್ಲಿ ಚಾರ್ಜಿನ ವೈರು ಮಾತ್ರ ಇತ್ತು, ಡೇಟಾದ್ದು ಇರಲಿಲ್ಲ. ಫೋನಿನ ಜೊತೆ ಬಂದ ಕೇಬಲ್ ಹಾಕಿದ ಕೂಡಲೇ ನಕ್ಷೆ ಬಂತು.

ಬ್ಯಾಡಗಿಯಲ್ಲಿ ಇನ್ನೊಂದು ಪೆಟ್ಟು ತಿಂದೆ. ಮಾರುಕಟ್ಟೆಯ ಹೊರಗೆ ಒಬ್ಬರಿಗೆ ಕಾಯುತ್ತ, ಎಂಜಿನ್ ಬಂದ್ ಮಾಡಿ, ಕೀಲಿ ಅರ್ಧ ತಿರುವಿ ಎರಡು ತಾಸು ಹಾಡು ಕೇಳಿದೆ. ಬ್ಯಾಟರಿ ಮಲಗಿತು. ನಾಲ್ಕು ಜನ ಹಮಾಲರು ಬಂದು ನೂಕಿದರು. ಮೆಣಸಿನಕಾಯಿಯ ಘಾಟಿಗೆ ಅವರೂ ಸೀನುತ್ತಿದ್ದರು, ಒಳಗೆ ಎರಡನೇ ಗೇರು ಹಾಕಿ ಕೂತ ನಾನೂ ಸೀನುತ್ತಿದ್ದೆ. ಚಹಾದ ದುಡ್ಡು ನಂದು.

ಹೋದ ತಿಂಗಳು ಲಕ್ಷ್ಮೇಶ್ವರದ ಸಾವಕಾರರು ಮತ್ತೆ ನನ್ನ ಗಾಡಿ ಹತ್ತಿದರು. ಬೆಲ್ಟ್ ಹಾಕಿಕೊಳ್ಳುತ್ತಿದ್ದಾಗ ಫೋನು ಬಂತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಗದಗ ಅಂತ ಕಂಡಿತು. ನಾನು ಕೆಂಪು ಗುಂಡಿಗೆ ಕೈ ಹಾಕಿದೆ.

"ಇರ್ಲಿ ಎತ್ರೀ," ಅಂದರು ಸಾವಕಾರರು, ಟವೆಲ್ಲು ಸರಿ ಮಾಡಿಕೊಳ್ಳುತ್ತ. "ಅವ್ರಿಗೆ ಈ ಸಲ ಎಷ್ಟು ದಿನಾ ಕೊಟ್ಟೀರಿ, ಕೇಳೋಣಂತ."